ಬೇಲಿಯಾಚೆ ಇಳಿಸಿದ ತತ್ತಿ

ನಮ್ಮ ಅಂಗನವಾಡಿಗೆ ಬೀಗ ಬಿದ್ದ ದಿನ ಒಲೆಯ ಮೇಲೆ ಅನ್ನ ಇನ್ನೂ ಕುದಿಯುತ್ತಿತ್ತು. ಶಿಗ್ಗಾವಿಯಿಂದ ಮೇಲ್ವಿಚಾರಕಿ ಫೋನ್ ಮಾಡಿ, ಕೊರೊನಾ ರೋಗ ಹಬ್ಬುತ್ತಿದೆ, ಮಕ್ಕಳನ್ನು ಈಗಿಂದೀಗಲೇ ಮನೆಗೆ ಕಳಿಸಿಬಿಡಿ, ಮತ್ತೆ ಹೇಳುವವರೆಗೆ ಯಾರನ್ನೂ ಕೂಡಿಸಬೇಡಿ ಅಂದರು. ಗಂಗಾಳ ಮುಂದಿಟ್ಟುಕೊಂಡು ಸಾಲಾಗಿ ಕುಳಿತಿದ್ದ ಮಕ್ಕಳನ್ನು ಬರಿಹೊಟ್ಟೆಯಲ್ಲಿ ಎಬ್ಬಿಸುವುದು ಹೇಗೆ? ನಾನೂ ಸಹಾಯಕಿಯೂ ಅನ್ನ ಇಳಿಸಿ, ಸಾರು ಹಾಕಿ, ಉಣಿಸಿಯೇ ಕಳಿಸಿದೆವು. ಮಕ್ಕಳಿಗೆ ಸೂಟಿ ಸಿಕ್ಕ ಸಂಭ್ರಮ. ಕರೆದೊಯ್ಯಲು ಬಂದ ತಾಯಂದಿರಿಗೆ ಅದಿರಲಿಲ್ಲ. ಒಬ್ಬಳು ಬಾಗಿಲಲ್ಲೇ ನಿಂತು ಕೇಳಿದಳು, "ಅಕ್ಕೋರ, ಹಂಗಾರ ನಾಳಿಂದ ಇವಕ್ಕ ಊಟ ಇಲ್ಲೇನ್ರಿ?"

"ಮನಿಗೇ ತಂದ ಕೊಡ್ತೇನಿ" ಎಂದುಬಿಟ್ಟೆ. ಬಾಯಿಗೆ ಬಂದ ಮಾತು ಅದು. ಪುಣ್ಯಕ್ಕೆ ಸರಕಾರದ ಆದೇಶವೂ ಕೆಲವೇ ದಿನಗಳಲ್ಲಿ ಹಾಗೆಯೇ ಬಂತು. ಅಕ್ಕಿ, ಬೇಳೆ, ಹೆಸರುಕಾಳು, ಬೆಲ್ಲ, ಶೇಂಗಾ, ಮೊಟ್ಟೆ ಎಲ್ಲವನ್ನೂ ಬಸುರಿಯರಿಗೆ, ಬಾಣಂತಿಯರಿಗೆ, ಮಕ್ಕಳಿಗೆ ಮನೆಮನೆಗೆ ಮುಟ್ಟಿಸಬೇಕು. ಪಡಿತರ ಅಂಗಡಿಯಲ್ಲೂ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದನ್ನು ನಿಲ್ಲಿಸಿ ಎರಡು ತಿಂಗಳ ಅಕ್ಕಿಯನ್ನು ಒಮ್ಮೆಗೇ ಕೊಟ್ಟರು. ಊರು ಹಸಿವಿನಿಂದ ಸಾಯುವುದಿಲ್ಲ ಎಂಬ ಧೈರ್ಯ ಅಷ್ಟರಮಟ್ಟಿಗೆ ಬಂತು.

ಗೊಟಗೋಡಿ ದಾಟಿ, ಹೆದ್ದಾರಿ ಬಿಟ್ಟು, ಗೋವಿನಜೋಳದ ಹೊಲಗಳ ನಡುವೆ ಒಳಗೆ ಬಂದರೆ ನಮ್ಮೂರು. ನಾನು ಹಿರೇಕೆರೂರು ಕಡೆಯವಳು, ಈ ಊರಿಗೆ ಸೊಸೆಯಾಗಿ ಬಂದೆ. ಮನೆಯಲ್ಲಿ ಗಂಡ, ನಾನು, ಅತ್ತೆ. ಅತ್ತೆಯ ತವರು ಹಾನಗಲ್ಲು. ಕೊರಳಲ್ಲಿ ಲಿಂಗ, ದಿನಾ ಬೆಳಿಗ್ಗೆ ಪೂಜೆಯಾಗದೆ ನೀರೂ ಮುಟ್ಟದ ಹೆಂಗಸು. ನನಗೆ ಅಂಗನವಾಡಿ ಕೆಲಸ ಸಿಕ್ಕಾಗ ಅವರು ಬಾಳ ಖುಷಿಪಟ್ಟಿದ್ದರು. ಆದರೆ ಮಕ್ಕಳಿಗೆ ಮೊಟ್ಟೆ ಕೊಡುವ ಪದ್ಧತಿ ಬಂದಮೇಲೆ ಮನೆಯಲ್ಲಿ ಒಂದು ಕಟ್ಟಳೆ ಬಿತ್ತು. ಮೊಟ್ಟೆ ಮುಟ್ಟಿದ ದಿನ ಹಿತ್ತಲ ಬಾಗಿಲಿಂದಲೇ ಬರಬೇಕು, ಬಚ್ಚಲಲ್ಲಿ ಕೈಕಾಲು ತೊಳೆದು ಸೀರೆ ಬದಲಿಸಿಯೇ ಒಲೆ ಹತ್ತಿರ ಹೋಗಬೇಕು. ನಾನು ಅದಕ್ಕೆ ಎದುರಾಡಲಿಲ್ಲ. ಅವರೂ ಕೆಲಸ ಬಿಡು ಅನ್ನಲಿಲ್ಲ.

ನಮ್ಮ ಕಡೆ ಮೊಟ್ಟೆಗೆ ತತ್ತಿ ಅನ್ನುತ್ತೇವೆ. ಬೇರೆಲ್ಲ ಸಾಮಾನು ಮೇಲಿಂದ ಬಂದರೂ ತತ್ತಿಯನ್ನು ಮಾತ್ರ ನಾವೇ ಹತ್ತಿರದಲ್ಲಿ ಕೊಳ್ಳಬೇಕಿತ್ತು. ತಂದುಕೊಡುತ್ತಿದ್ದವರು ಸವಣೂರಿನ ಒಬ್ಬ ಮುಸಲ್ಮಾನರು. ಅರವತ್ತರ ಆಚೀಚಿನ ವಯಸ್ಸು, ಬೆಳ್ಳಗಿನ ಗಡ್ಡ, ಮೊಣಕಾಲು ನೋವಿನಿಂದ ತುಸು ವಾಲಿ ನಡೆಯುವವರು. ಹಾನಗಲ್ಲಿನ ಹಾದಿಯ ಕೋಳಿ ಫಾರ್ಮಿನಿಂದ ಗೂಡ್ಸ್ ಆಟೋದಲ್ಲಿ ತತ್ತಿ ಹೇರಿಕೊಂಡು, ಬಂಕಾಪುರದ ಸುತ್ತಲಿನ ಹಳ್ಳಿಗಳಿಗೆಲ್ಲ ಹಂಚುತ್ತ ಬರುತ್ತಿದ್ದರು. ಊರಿನವರಿಗೆ ಅವರು ತತ್ತಿ ಕಾಕಾ. ಟ್ರೇ ಇಳಿಸುವ ಮುಂಚೆ ಒಂದೊಂದನ್ನೂ ಬಿಸಿಲಿಗೆ ಹಿಡಿದು ನೋಡುವರು. "ಸಣ್ಣ ಕೂಸುಗಳ ಬಾಯಾಗ ಹೋಗೂದು ಮಗಳ, ನೋಡೇ ಕೊಡಬೇಕು" ಅನ್ನುವರು. ನನ್ನನ್ನು ಊರೆಲ್ಲ ಅಕ್ಕೋರ ಅಂದರೆ ಅವರು ಮಾತ್ರ ಮಗಳ ಅನ್ನುತ್ತಿದ್ದರು.

ಲಾಕ್‌ಡೌನ್ ಶುರುವಾದ ಮೇಲೆ ಊರಿನ ಗಂಡಸರು ಕೂಡಿ, ಊರು ಪ್ರವೇಶಿಸುವ ಹಾದಿಗೆ ಜಾಲಿಮುಳ್ಳು ಕಡಿದು ತಂದು ಒಟ್ಟಿದರು. ಹೊರಗಿನವರು ಒಳಗೆ ಬರಬಾರದು. ಸುತ್ತಲಿನ ಊರುಗಳಲ್ಲೆಲ್ಲ ಹಾಗೇ ಮಾಡಿದ್ದರು. ಅದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ, ಎಲ್ಲರಿಗೂ ಜೀವದ ಅಂಜಿಕೆ. ಆದರೆ ಅದೇ ಹೊತ್ತಿಗೆ ಫೋನುಗಳಲ್ಲಿ ಏನೇನೋ ಹರಿದಾಡತೊಡಗಿತು. ಕೋಳಿ, ತತ್ತಿ ತಿಂದರೆ ರೋಗ ಬರುತ್ತದಂತೆ. ಸಾಬರು ಬೇಕಂತಲೇ ರೋಗ ಹಂಚುತ್ತಿದ್ದಾರಂತೆ, ಹಣ್ಣಿಗೆ ಉಗುಳು ಹಚ್ಚುತ್ತಾರಂತೆ. ಊರ ಕಟ್ಟೆಯ ಮೇಲೆ ಕುಳಿತ ಮಂದಿ ಇಂಥ ವಿಡಿಯೋಗಳನ್ನು ಒಬ್ಬರಿಗೊಬ್ಬರು ತೋರಿಸುತ್ತಿದ್ದರು.

ಮನೆಮನೆಗೆ ಹಂಚಬೇಕಾದ ಮೊದಲ ವಾರದ ತತ್ತಿ ಹೊತ್ತು ಕಾಕಾ ಬಂದಾಗ ಮುಳ್ಳಿನ ಹತ್ತಿರ ತಡೆದರು. ನಾನು ಓಡಿಹೋದಾಗ ಆಟೋ ಮುಳ್ಳಿನ ಆಚೆ ನಿಂತಿತ್ತು. ಅದರ ಮುಂದಿನ ಗಾಜಿಗೆ ತಹಶೀಲ್ದಾರ ಕಚೇರಿಯ ಪಾಸು ಅಂಟಿಸಿತ್ತು. "ಸರಕಾರದ್ದ ಐತ್ರಿ, ಮಕ್ಕಳ ತತ್ತಿ" ಎಂದು ಕಾಕಾ ಅದನ್ನೇ ತೋರಿಸಿ ಹೇಳುತ್ತಿದ್ದರು. ಒಬ್ಬಾತ, "ಪಾಸ್ ಇರ್ಲಿ, ಏನರ ಇರ್ಲಿ, ನಿಮ್ಮ ಮಂದೀನ ಒಳಗ ಬಿಡಂಗಿಲ್ಲ. ಹೊಳ್ಳಿಸ್ರಿ ಗಾಡಿ" ಎಂದ. ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಜಗಳ ಬೆಳೆಯುವುದನ್ನು ಕಂಡ ಕಾಕಾ, "ಇರ್ಲಿ ಬಿಡ ಮಗಳ. ಅವರಿಗೂ ಹೆದರಿಕಿ ಆಗೇತಿ" ಎಂದು ಹೋಗಿಬಿಟ್ಟರು. ಆ ವಾರ ಬಸುರಿಯರಿಗೆ, ಮಕ್ಕಳಿಗೆ ಅಕ್ಕಿಬೇಳೆಯನ್ನಷ್ಟೇ ಕೊಟ್ಟೆ.

ನಮ್ಮ ಹಿತ್ತಲಿಗೆ ಹೊಂದಿದ ಮನೆಗೆ ಆಗ ಗೋವಾದಿಂದ ಒಂದು ಕುಟುಂಬ ಬಂದಿತ್ತು. ಮನೆ ಕಟ್ಟುವ ಗೌಂಡಿ ಕೆಲಸಕ್ಕೆ ಹೋಗಿದ್ದವರು, ಕೆಲಸ ನಿಂತ ಮೇಲೆ ಸ್ವಲ್ಪ ಲಾರಿಯಲ್ಲಿ, ಸ್ವಲ್ಪ ನಡೆದು ಊರು ಸೇರಿದ್ದರು. ರೇಷನ್ ಕಾರ್ಡಿನಿಂದ ಅವರ ಹೆಸರು ಬಿಟ್ಟುಹೋಗಿತ್ತು. ಗಂಡ, ಹೆಂಡತಿ, ಮೂರು ವರ್ಷದ ಒಂದು ಹೆಣ್ಣು ಕೂಸು. ಆ ಕೂಸಿನ ತೋಳಿಗೆ ನಮ್ಮ ಅಳತೆ ಪಟ್ಟಿ ಸುತ್ತಿದೆ. ಪಟ್ಟಿ ಕೆಂಪಿಗೆ ಬಂದು ನಿಂತಿತು. ಕೆಂಪೆಂದರೆ ತೀರ ಸೊರಗಿದ ಕೂಸು ಎಂದು ಅರ್ಥ. ಅದು ಅಳುವುದನ್ನೂ ಬಿಟ್ಟಿತ್ತು. ನಮ್ಮ ಮನೆಯ ಕಟ್ಟೆಯ ತುದಿಗೆ ಬಂದು ಸುಮ್ಮನೆ ಕೂತಿರುತ್ತಿತ್ತು. ಅತ್ತೆ ಹಾಲಲ್ಲಿ ರೊಟ್ಟಿ ನೆನೆಸಿ ಕೊಟ್ಟರೆ ಎರಡು ತುತ್ತು ತಿಂದು ಬಾಯಿ ಮುಚ್ಚುತ್ತಿತ್ತು.

ಒಂದು ಮಧ್ಯಾಹ್ನ ಅತ್ತೆ ಅದನ್ನು ತೊಡೆಯ ಮೇಲೆ ಕೂಡಿಸಿಕೊಂಡು ನನ್ನನ್ನು ಕೇಳಿದರು, "ಇದಕ್ಕ ತತ್ತಿ ಕೊಟ್ರ ತಿರಗೊಂತೈತೇನ?"

"ತಿನ್ನಿಸಿದ್ರ ಚೇತರಿಸ್ಕೋತೈತ್ರಿ. ಆದ್ರ ಬರಬೇಕಲ್ಲ" ಎಂದೆ.

ಅವರು ಕೂಸನ್ನು ಎತ್ತಿಕೊಂಡು ಹಿಂದಿನ ಮನೆಗೆ ಬಿಟ್ಟುಬಂದರು.

ಮುಂದಿನ ವಾರ ಕಾಕಾ ಮತ್ತೆ ಬಂದರು. ಮತ್ತೆ ಅದೇ ಮಂದಿ, ಅದೇ ಮಾತು. ನಾನು ಈ ಕಡೆ ನಿಂತು ವಾದಿಸುತ್ತಿರುವಾಗ ಹಿಂದಿನಿಂದ ಅತ್ತೆಯ ದನಿ ಕೇಳಿತು. ತಲೆಯ ಮೇಲೆ ಸೆರಗು, ಕೈಯಲ್ಲಿ ಕೋಲು. ಮನೆಯಿಂದ ಊರ ಹೊರಗಿನತನಕ ಆ ಬಿಸಿಲಲ್ಲಿ ಒಬ್ಬರೇ ನಡೆದು ಬಂದಿದ್ದರು.

"ಯಾಕ ತಡದೀರಿ ಅವನ್ನ?"

"ಯಮ್ಮಾ, ನಿನಗ ತಿಳಿಯಂಗಿಲ್ಲ, ಮನಿಗೆ ನಡಿ" ಎಂದ ಒಬ್ಬ. "ಲಿಂಗಾ ಕಟ್ಟಿದಾಕಿ ನೀನು, ತತ್ತಿ ಉಸಾಬರಿ ನಿನಗ್ಯಾಕ?"

"ನಾ ಏನ್ ತಿನ್ನಾಕ ಬಂದೇನೇನು? ತಿನ್ನೂ ಕೂಸುಗಳದಾವ ಊರಾಗ. ಅವಕ್ಕ ಏನ್ ಕೊಡ್ತೀರಪಾ ನೀವು? ಈ ಮುಳ್ಳ ಕೊಡ್ತೀರೇನು?"

ಅತ್ತೆ ಕೋಲಿನಿಂದ ಒಂದು ಜಾಲಿಕೊಂಬೆಯನ್ನು ಆಚೆ ಸರಿಸಿ, ಅಡ್ಡ ತಿರುಗಿ, ಸೀರೆ ಹರಿದರೂ ಲೆಕ್ಕಿಸದೆ ದಾಟಿದರು. ಕಾಕಾ ಗಾಬರಿಯಿಂದ ಎರಡು ಹೆಜ್ಜೆ ಹಿಂದೆ ಸರಿದರು.

"ಕೊಡಪಾ ಇಲ್ಲೆ."

"ಬ್ಯಾಡ್ರಿ ಅವ್ವಾರ. ನೀವು ಮುಟ್ಟೂದಿಲ್ಲಂತ ನನಗ ಗೊತ್ತೈತ್ರಿ. ಇಲ್ಲೇ ಕೆಳಗ ಇಡ್ತೇನಿ, ಮಗಳು ಒಯ್ತಾಳ."

"ಇವತ್ತ ಮುಟ್ಟತೇನಿ. ಕೊಡು."

ಕಾಕಾ ಟ್ರೇಯನ್ನು ನೆಲದ ಮೇಲಿಟ್ಟು ದೂರ ಸರಿದು ನಿಂತರು. ಅತ್ತೆ ಬಗ್ಗಿ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಎಷ್ಟು ಹಗುರ ಹಿಡಿಯಬೇಕು, ಎಷ್ಟು ಬಿಗಿ ಹಿಡಿಯಬೇಕು ಎಂಬುದೇ ಅವರಿಗೆ ಗೊತ್ತಿರಲಿಲ್ಲ. ತಡೆದು ನಿಂತಿದ್ದವರಲ್ಲಿ ಒಬ್ಬ ಬಂದು ಮುಳ್ಳನ್ನು ಇನ್ನಷ್ಟು ಸರಿಸಿ ದಾರಿ ಬಿಟ್ಟ. ಉಳಿದ ಟ್ರೇಗಳನ್ನು ನಾನೂ ಸಹಾಯಕಿಯೂ ಹೊತ್ತೆವು.

ಅಂಗನವಾಡಿಯ ಕೋಣೆಯಲ್ಲಿ ತಗಡಿನ ಮಾಡು, ಸೆಕೆಗೆ ತತ್ತಿ ಕೆಡುತ್ತವೆ. "ನಮ್ಮ ಪಡಸಾಲ್ಯಾಗ ಇಡು, ತಂಪೈತಿ" ಎಂದರು ಅತ್ತೆ. ಪಡಸಾಲೆಯ ಮೂಲೆಯಲ್ಲಿ ಜೋಳದ ಚೀಲಗಳ ಪಕ್ಕ ಟ್ರೇಗಳನ್ನಿಟ್ಟೆ. ಗಂಡ ಹೊಲದಿಂದ ಬಂದು ನೋಡಿ ಬೆರಗಾಗಿ ನಿಂತರು. ಅವ್ವನ ಮುಖ ನೋಡಿ, ಕೈಕಾಲು ತೊಳೆಯಲು ಬಚ್ಚಲಿಗೆ ನಡೆದರು.

ಹಿಂದಿನ ಮನೆಯ ಕೂಸಿಗೆ ಅವತ್ತೇ ಒಂದನ್ನು ಕುದಿಸಿ ಕೊಟ್ಟೆವು. ತಾಯಿ ಬಿಡಿಸಿ, ಕಿವುಚಿ, ಸಣ್ಣಸಣ್ಣ ತುತ್ತು ಮಾಡಿ ತಿನ್ನಿಸಿದಳು. ಅತ್ತೆ ಕಣ್ಣು ಕೀಳದೆ ನೋಡುತ್ತಿದ್ದರು. ತಾಯಿ ಮಗು ಹೋದ ಮೇಲೆ ಅತ್ತೆ ಕಂಬಕ್ಕೆ ಒರಗಿ ಕುಳಿತು, ನಾನು ಏನೂ ಕೇಳದೆಯೇ ಹೇಳತೊಡಗಿದರು.

"ನಿನ್ನ ಗಂಡಗಿಂತ ಮೊದ್ಲ ನನಗೊಂದು ಹೆಣ್ಣ ಕೂಸ ಇತ್ತು. ಅವಗೂ ಗೊತ್ತಿಲ್ಲ ಇದು. ಎರಡ ವರ್ಷದ್ದಾಗಿತ್ತು, ಹಿಂಗ ಸೊರಗಿತು. ಹಾನಗಲ್ಲಾಗ ಡಾಕ್ಟರಿಗೆ ತೋರಿಸಿದ್ವಿ. ದಿನಾ ಒಂದ ತತ್ತಿ ಹಾಲಾಗ ಕಲಸಿ ಕುಡಸ್ರಿ, ತಿರಗೊಂತೈತಿ ಅಂದ್ರು. ನಮ್ಮ ಅತ್ತಿ, ಮನ್ಯಾಗ ತರಂಗಿಲ್ಲ, ಸತ್ರ ಸಾಯ್ಲಿ ಅಂದ್ಲು. ನನಗರ ಆಗ ಎಷ್ಟ ವಯಸ್ಸು? ಎದುರಿಗೆ ನಿಂತು ಮಾತಾಡಾಕ ಬಾಯಿ ಎಲ್ಲಿತ್ತು?" ಕೋಲನ್ನು ಪಕ್ಕಕ್ಕೆ ಸರಿಸಿದರು. "ತತ್ತಿ ಕೊಟ್ಟಿದ್ರ ಉಳೀತಿತ್ತೋ ಇಲ್ಲೋ, ಶಿವಗ ಗೊತ್ತು. ಆದ್ರ ನಾವು ಕೊಡ್ಲಿಲ್ಲ."

ನಾನು ಅವರ ಕೈ ಹಿಡಿದುಕೊಂಡೆ. ಅಷ್ಟು ವರ್ಷ ಒಂದೇ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದವರು ನಾವು. ಈ ಮಾತು ಒಮ್ಮೆಯೂ ಬಂದಿರಲಿಲ್ಲ.

ಆಮೇಲೆ ಕಾಕಾ ವಾರಕ್ಕೊಮ್ಮೆ ಮುಳ್ಳಿನ ಆಚೆ ಬಂದು ಹಾರ್ನ್ ಹಾಕುವರು. ತತ್ತಿ ಇಳಿಸಿ ದೂರ ನಿಲ್ಲುವರು, ನಾವು ಹೋಗಿ ಎತ್ತಿಕೊಳ್ಳುವೆವು. ಸಂತೆಗಳೆಲ್ಲ ಬಂದಾಗಿ ಊರಿನ ಬದನೆ, ಮೆಣಸಿನಕಾಯಿ, ಟೊಮೆಟೊ ಹೊಲದಲ್ಲೇ ಕೊಳೆಯುತ್ತಿದ್ದವು. "ಹೊಳ್ಳಿ ಹೋಗುಮುಂದ ಗಾಡಿ ಖಾಲೀನ ಇರ್ತೈತ್ರಿ" ಎಂದು ಕಾಕಾ ಒಮ್ಮೆ ಹೇಳಿದರು. ಮೊದಲು ನನ್ನ ಗಂಡ ಎರಡು ಬುಟ್ಟಿ ಬದನೆ ಹಾಕಿದರು. ನಂತರ ಮತ್ತೊಬ್ಬರು, ಮಗದೊಬ್ಬರು. ಗಾಡಿ ಹೊರಳಿಸು ಅಂದಿದ್ದಾತನೂ ಒಂದು ದಿನ ಟೊಮೆಟೊ ಕ್ರೇಟು ಹೊತ್ತು ಬಂದು ತಲೆ ತಗ್ಗಿಸಿ ನಿಂತ. ಕಾಕಾ ಅವನ ಕ್ರೇಟನ್ನೂ ಏರಿಸಿಕೊಂಡು, "ಬಂಕಾಪುರದಾಗ ಹೋಕ್ಕಾವ, ಚಿಂತಿ ಮಾಡಬ್ಯಾಡ ತಮ್ಮಾ" ಅಂದರು. ಹೀಗೆ ನಮ್ಮೂರ ಕಾಯಿಪಲ್ಲೆ ಸವಣೂರಿನ, ಬಂಕಾಪುರದ ಒಲೆಗಳಿಗೆ ಹೋಯಿತು. ಊರ ಮಠದಲ್ಲಿ ಇಲ್ಲದವರಿಗೆಂದು ಎಲ್ಲರೂ ತಂದು ಸುರಿದ ಜೋಳದಲ್ಲಿ ಗೋವಾದಿಂದ ಬಂದವರಿಗೂ ಪಾಲು ಸಿಕ್ಕಿತು.

ರಂಜಾನ್ ತಿಂಗಳು ಬಂತು. ಕಾಕಾ ರೋಜಾ ಇದ್ದು, ಒಂದು ಹನಿ ನೀರಿಲ್ಲದೆ ಆ ಉರಿಬಿಸಿಲಲ್ಲಿ ಬರುತ್ತಿದ್ದರು. ಅತ್ತೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಹಿಡಿ ಬೆಲ್ಲ ಬಟ್ಟೆಯಲ್ಲಿ ಕಟ್ಟಿ ಕೊಡುವರು. "ಸಂಜಿಗೆ ಉಪಾಸ ಬಿಟ್ಟ ಮ್ಯಾಗ ತಿನ್ನಪಾ." ಕಾಕಾ ಎರಡೂ ಕೈಯೊಡ್ಡಿ ತೆಗೆದುಕೊಂಡು ಹಣೆಗೆ ಒತ್ತಿಕೊಳ್ಳುವರು. ಮರುವಾರ ಸವಣೂರಿನ ಎಳೆಯ ವೀಳ್ಯದೆಲೆಯ ಕಟ್ಟು ಒದ್ದೆ ಬಟ್ಟೆಯಲ್ಲಿ ಸುತ್ತಿ ತರುವರು. ಅತ್ತೆಗೆ ಹಲ್ಲಿಲ್ಲದಿದ್ದರೂ ಕುಟ್ಟಿ ಹಾಕಿಕೊಳ್ಳುವ ಚಟ.

ಮಳೆಗಾಲ ಹತ್ತಿರವಾದಂತೆ ಮುಳ್ಳು ತೆಗೆದರು. ಹಿಂದಿನ ಮನೆಯ ಕೂಸಿನ ತೋಳು ತುಂಬಿ, ಪಟ್ಟಿ ಹಸಿರಿಗೆ ಬಂತು. ನಮ್ಮ ಕಟ್ಟೆಯ ಮೇಲೆ ಓಡಾಡಿ ಅತ್ತೆಯ ಕೋಲು ಕದ್ದು ಅಡಗಿಸುವಷ್ಟು ತುಂಟಿಯಾಯಿತು. ಆಮೇಲೆ ಅವರು ಮತ್ತೆ ಗೋವಾಕ್ಕೆ ಹೋದರು. ಕೆಟ್ಟದ್ದು ಮುಗಿಯಿತೆಂದೇ ನಾವೆಲ್ಲ ಅಂದುಕೊಂಡೆವು.

ಮರುವರ್ಷ ಬೇಸಿಗೆಯಲ್ಲಿ ಅದು ಮತ್ತೆ ಬಂತು. ಈ ಸಲ ಮುಳ್ಳು ಹಾಕುವ ಮಾತನ್ನೇ ಯಾರೂ ಎತ್ತಲಿಲ್ಲ, ರೋಗ ಆಗಲೇ ಮನೆಗಳ ಒಳಗಿತ್ತು. ದಿನ ಬಿಟ್ಟು ದಿನ ಯಾರದಾದರೂ ಸಾವಿನ ಸುದ್ದಿ. ಕಾಕಾ ಮಾತ್ರ ಬರುವುದನ್ನು ಬಿಡಲಿಲ್ಲ. ಒಂದು ವಾರ ಟ್ರೇ ಇಳಿಸಿ ಎಂದಿಗಿಂತ ದೂರ ಹೋಗಿ ನಿಂತರು. ಮೂಗು ಬಾಯಿಗೆ ಕಟ್ಟಿದ ರುಮಾಲಿನೊಳಗಿಂದ ಕೆಮ್ಮು ಕೇಳಿತು.

"ಕಾಕಾ, ದವಾಖಾನಿಗೆ ತೋರಿಸಿರೇನು?" ಎಂದು ಕೂಗಿ ಕೇಳಿದೆ.

"ಧೂಳಿಂದ ಮಗಳ, ಏನಿಲ್ಲ. ನೀ ಈ ಕಡೆ ಬರಬ್ಯಾಡ."

ಮುಂದಿನ ವಾರ ಬರಲಿಲ್ಲ. ಅವರ ಫೋನ್ ಬಂದ್ ಆಗಿತ್ತು. ಅದರ ಮುಂದಿನ ವಾರ ಬೇರೆ ಯಾರಿಂದಲೋ ತತ್ತಿ ತರಿಸಿದೆವು. ಅತ್ತೆ ದಿನಾ ಕೇಳುವರು, "ಹತ್ತಿತೇನ ಫೋನು?" ಕೊನೆಗೊಂದು ಮುಂಜಾನೆ ಹತ್ತಿತು. ಎತ್ತಿದ್ದು ಕಾಕಾನ ಹೆಂಡತಿ. ನಾನು ಯಾರೆಂದು ಹೇಳುತ್ತಿದ್ದಂತೆಯೇ ಅತ್ತ ಅಳು ಕೇಳಿತು. "ಹೋದ್ರವ್ವಾ" ಎಂಬ ಒಂದೇ ಮಾತು, ಮತ್ತೆ ಅಳು. ಪಕ್ಕದಲ್ಲಿದ್ದ ಅತ್ತೆಗೆ ನಾನು ಏನೂ ಹೇಳಬೇಕಾಗಲಿಲ್ಲ. ಎದ್ದು ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಅವತ್ತು ಉಣ್ಣಲಿಲ್ಲ. ಮರುದಿನ ಪೂಜೆಗೂ ಕೂರಲಿಲ್ಲ, ಅವರು ಪೂಜೆ ಬಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬಸ್ಸು ಮತ್ತೆ ಶುರುವಾದ ಮೇಲೆ ನಾವಿಬ್ಬರೂ ಸವಣೂರಿಗೆ ಹೋದೆವು. ಅತ್ತೆಯೇ ಹಟ ಹಿಡಿದದ್ದು. ಕೇಳುತ್ತ ಕೇಳುತ್ತ ಓಣಿ ಹೊಕ್ಕು ಮನೆ ಮುಟ್ಟಿದೆವು. ಹೊರಗೆ ಆಟೋದ ಮೇಲೆ ತಾಡಪತ್ರಿ ಹೊದಿಸಿತ್ತು. ಗಂಡ ತೀರಿದ ಮೇಲಿನ ದಿನಗಳಲ್ಲಿ ಅವರ ಹೆಂಗಸರು ಹೊರಗೆ ಬರುವುದಿಲ್ಲ. ಒಳಕೋಣೆಯಲ್ಲಿ ಬಿಳಿ ಸೆರಗು ಹೊದ್ದು ಕುಳಿತಿದ್ದ ಆ ತಾಯಿ ನಮ್ಮನ್ನು ನೋಡಿ ಎದ್ದು ನಿಂತರು.

"ರೊಟ್ಟಿ ಕಟ್ಟಿ ಕೊಡ್ತಿದ್ದ ಅವ್ವಾರು ನೀವೇ ಏನ್ರಿ?" ಎಂದು ಅತ್ತೆಯನ್ನು ಕೇಳಿದರು. "ಮನಿಗೆ ತಂದು, ನಮಗೆಲ್ಲಾರಿಗೂ ಮುರದು ಹಂಚಿ ತಿಂತಿದ್ರು."

ಅತ್ತೆ ಚಾಪೆಯ ಮೇಲೆ ಅವರ ಮಗ್ಗುಲಿಗೇ ಕುಳಿತರು. ಆ ತಾಯಿ ನಿಧಾನವಾಗಿ ಹೇಳಿದರು. ಉಸಿರು ಸಿಗದಂತಾದಾಗ ಹಾವೇರಿಗೆ ಒಯ್ದದ್ದು, ಒಂದು ಕಡೆ ಹಾಸಿಗೆ ಇಲ್ಲ, ಇನ್ನೊಂದು ಕಡೆ ಆಕ್ಸಿಜನ್ ಇಲ್ಲ ಅಂದದ್ದು, ಆಮೇಲೆ ಸಿಕ್ಕಿದ್ದು, ಸಿಕ್ಕರೂ ತಡವಾಗಿದ್ದು. "ಪ್ಲಾಸ್ಟಿಕಿನ್ಯಾಗ ಸುತ್ತಿ ಕೊಟ್ರು. ಮೈ ತೊಳೀಲಿಲ್ಲ. ಮಾರಿ ನೋಡ್ಲಿಲ್ಲ. ಮಗ ದೂರ ನಿಂತು ಒಂದ ಹಿಡಿ ಮಣ್ಣ ಹಾಕಿ ಬಂದ, ಅಷ್ಟ."

ಅತ್ತೆ ನೆಲ ನೋಡುತ್ತ ಕೇಳಿದರು, "ನಮ್ಮ ಊರಿಗೆ ಬಂದಿದ್ಕ ರೋಗ ಹತ್ತಿತೇನವ್ವಾ ಅವಗ?"

"ಯಾರಿಂದ ಯಾರಿಗೆ ಹತ್ತಿತು ಅಂತ ಹೆಂಗ ಹೇಳೂದ್ರಿ ಅವ್ವಾರ? ಹಂಗ ಹೇಳಬಾರದು." ಸೆರಗಿನಿಂದ ಕಣ್ಣೊರೆಸಿಕೊಂಡರು. "ಬ್ಯಾಡ, ಈ ವರ್ಷ ಮನ್ಯಾಗಿರ್ರಿ ಅಂತ ಮಗ ಕೈಮುಗದ. ಕೇಳ್ಲಿಲ್ಲ. ನಾ ಹೋಗ್ಲಿಲ್ಲಂದ್ರ ಆ ಕೂಸುಗಳಿಗೆ ಯಾರ ಒಯ್ತಾರ ಅಂದ್ರು. ಅಷ್ಟ ಹೇಳಿ ಗಾಡಿ ಚಾಲೂ ಮಾಡಿದ್ರು."

ಆ ಮನೆಯ ಸೊಸೆ ಚಹಾ ತಂದಿಟ್ಟಳು. ಅತ್ತೆ ಎಂದೂ ಬೇರೆ ಜಾತಿಯವರ ಮನೆಯಲ್ಲಿ ನೀರು ಕುಡಿದವರಲ್ಲ. ಬಟ್ಟಲು ಎತ್ತಿಕೊಂಡರು, ಕುಡಿದರು. ಹೊರಡುವಾಗ ಅತ್ತೆ ಆಕೆಯ ತಲೆ ನೇವರಿಸಿದರು.

ಮತ್ತೊಮ್ಮೆ ಹೋಗಿ ಬರಬೇಕು ಎಂದು ಮನೆಯಲ್ಲಿ ಆಗಾಗ ಮಾತಾಡುತ್ತಿದ್ದೆವು. ಬಿತ್ತನೆ ಬಂತು, ಹಬ್ಬ ಬಂತು, ಅತ್ತೆಗೆ ಮೊಣಕಾಲು ಬಾತು ನಡೆಯುವುದೇ ಕಷ್ಟವಾಯಿತು. ಆ ಚಳಿಗಾಲದಲ್ಲಿ ಅವರೂ ತೀರಿಕೊಂಡರು, ರೋಗದಿಂದಲ್ಲ, ವಯಸ್ಸಾಗಿತ್ತು. ಸವಣೂರಿಗೆ ಸುದ್ದಿ ತಿಳಿಸೋಣವೆಂದು ಫೋನ್ ಮಾಡಿದೆ. ಆ ನಂಬರು ಬೇರೆ ಯಾರದೋ ಆಗಿತ್ತು. ಅತ್ತ ಎತ್ತಿದಾತ, ರಾಂಗ್ ನಂಬರ್ ಎಂದು ಇಟ್ಟುಬಿಟ್ಟ. ಆ ತಾಯಿಗೆ ಸುದ್ದಿ ಮುಟ್ಟಿತೋ ಇಲ್ಲವೋ ನನಗೆ ಗೊತ್ತಿಲ್ಲ.